ಪ್ಲಗ್ಗಿನ ಬಣ್ಣ

ಹುಲಿಗೆಮ್ಮ, ನೀನೂ ಒಂದು ಹಳೇ ಗಾಡಿ ತಗೊಂಡಿಯಂತ.
ಚಲೋ ಆತು. ಕೇಳು.

ಬೆಳಿಗ್ಗೆ ಚಾವಿ ಹಾಕೋಕಿಂತ ಮೊದಲು
ಬಾನೆಟ್ಟಿನ ಮೇಲೆ ಅಂಗೈಲೆ ಎರಡು ಏಟು ಹಾಕು.
ಇದು ಗಂಗಾವತಿ, ಭತ್ತದ ಊರು.
ಗಿರಣಿ ತೌಡು ತಿಂದು ಬಲಿತ ಇಲಿಗಳು
ಇಂಜಿನ್ನಿನ ಬೆಚ್ಚನೆ ಮಗ್ಗುಲಾಗ ಮಲಗಿರ್ತಾವ,
ಎದ್ದ ಮ್ಯಾಲ ನಾಷ್ಟಾಕ್ಕೆ ವೈರು.
ನನ್ನ ಹಾರನ್ನು ಹೋಗಿದ್ದು ಹಂಗ.
ಈಗ ಹೊಗೆಸೊಪ್ಪು ಗಂಟು ಕಟ್ಟಿ ನೇತುಹಾಕೀನಿ;
ಗಂಟು ಸಣ್ಣಾದ ದಿನ
ಮೇಸ್ತ್ರಿ ಬಂದು ಹೋಗ್ಯಾನಂತ ತಿಳ್ಕೋತೀನಿ.

ಮೇಸ್ತ್ರಿ ಅಂದ್ರ ಹುಸೇನಪ್ಪ.
ಕನಕಗಿರಿ ರಸ್ತೆ, ಬೇವಿನ ಮರ, ತಗಡಿನ ಶೆಡ್ಡು,
ಬೋರ್ಡಿಲ್ಲ.
ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಅವನಿಗೆ.
ಬಿಚ್ಚಿದ ಪ್ಲಗ್ಗು ನನ್ನ ಅಂಗೈಯಾಗ ಇಟ್ಟು
"ಬಣ್ಣ ಹೇಳ್ರಿ ಸಿಸ್ಟರ್" ಅಂದ.
ಕಂದು, ಅಂದೆ.
"ಎಂಥಾ ಕಂದು? ಶೇಂಗಾದ ಸಿಪ್ಪಿದೋ, ಬೆಲ್ಲದ್ದೋ?"
ಬಿಸಿಲಿಗೆ ಹಿಡಿದು ಹೊರಳಿಸಿದೆ.
ಬೆಲ್ಲ. ಹಳೇ ಬೆಲ್ಲ.
"ಹಂಗಾದ್ರ ಉರಿ ಸರಿ ಐತಿ.
ಕರೇ ಮಸಿ ಹಿಡಿದಿದ್ರ ಪೆಟ್ರೋಲು ಹೆಚ್ಚು, ಗಾಳಿ ಸಾಲದು,
ಏರ್ ಫಿಲ್ಟರ್ ತಗದು ಝಾಡಿಸಬೇಕು.
ಸುಣ್ಣದಂಗ ಬೆಳ್ಳಗಿದ್ರ ಒಳಗ ಬೇಯಾಕ ಹತ್ತೈತಿ."

ಹದಿನಾರು ವರ್ಷ ಹಳ್ಳಿ ಹಳ್ಳಿ ತಿರುಗಿ
ನಾಲಿಗಿ, ಕಣ್ಣಿನ ಒಳರೆಪ್ಪೆ, ಉಗುರು ನೋಡಿ
ರಿಜಿಸ್ಟರಿನಾಗ ಬರೆದಾಕಿ ನಾನು.
ಇದೂ ಅಂಥದ್ದೇ ಅಲ್ಲೇನೋ, ಅಂದೆ.
ಅವ ನಕ್ಕ:
"ಮನುಷ್ಯಾರಿಗೆ ಹೋಲಿಸಬ್ಯಾಡ್ರಿ. ಗಾಡಿ ಸುಳ್ಳು ಹೇಳಂಗಿಲ್ಲ."

ಬ್ಯಾಟರಿ ತುದಿಗೆ ಹಸಿರು-ಬಿಳಿ ಹೂವು ಅರಳಿತ್ತಂದ್ರ
ಹೊಸಾದು ತರಾಕ ಓಡಬ್ಯಾಡ.
ಅಡಿಗಿ ಸೋಡಾ, ಬಿಸಿನೀರು, ಸವೆದ ಹಲ್ಲಿನ ಬ್ರಷ್ಷು.
ಕರೇ ವೈರು ಮೊದಲು ಬಿಚ್ಚು, ಕಡೀಕೆ ಹಾಕು;
ಮುನಿಸಿನ ಬೀಗರಿದ್ದಂಗ ಅದು,
ಎದ್ದು ಹೋಗೋದು ಎಲ್ಲಾರಕಿಂತ ಮೊದಲು, ಬರೋದು ಎಲ್ಲಾರ ಆದಮ್ಯಾಲ.

ಸುಗ್ಗಿಯಾಗ ರೇಡಿಯೇಟರಿನ ಜಾಳಿಗೆ ಹೊಟ್ಟು ತುಂಬ್ತೈತಿ.
ಒಳಗಿನಿಂದ ಹೊರಗ ನೀರು ಬಿಡು, ಮೆಲ್ಲಕ.
ಬೋರಿನ ನೀರು ಮಾತ್ರ ಒಳಗ ಹಾಕಬ್ಯಾಡ,
ಮನಿ ಕೊಡದ ತಳ ನೋಡಿ ಅಲ್ಲ?
ಮೇ ತಿಂಗಳಾಗ ಕಾರಟಗಿ ದಾರ್ಯಾಗ ಮುಳ್ಳು ಕೆಂಪಿಗೆ ಹೋತಂದ್ರ
ಗಾಡಿ ನೆರಳಿಗೆ ನಿಲ್ಲಿಸಿ ಸುಮ್ನ ಕುಂತಿರು.
ಮುಚ್ಚಳಕ್ಕ ಕೈ ಹಚ್ಚಬ್ಯಾಡ.
ಅರ್ಧ ತಾಸು, ಬೇಕಾದ್ರ ಒಂದು ತಾಸು.
ನನ್ನ ಎಡಗೈ ಮ್ಯಾಲಿನ ಈ ಕಲೆ ನೀ ಕೇಳಿದ್ದಿ ಒಮ್ಮೆ,
ಒಗ್ಗರಣೆ ಸಿಡಿದಿದ್ದು ಅಂದಿದ್ದೆ.

ಸ್ಟೆಪ್ನಿಗೆ ಗಾಳಿ ನೋಡು.
ನಾ ಮರೀತೀನಿ, ನೀ ನೋಡು.

ಹೋದ ವರ್ಷ ಅವನನ್ನ ಆಪರೇಷನ್ನಿಗೆ
ಕೊಪ್ಪಳಕ್ಕ ಕರಕೊಂಡು ಹೋದೆ, ಇದೇ ಗಾಡ್ಯಾಗ.
ಗಿಣಿಗೇರಿ ತನಕ ಮಾತಿಲ್ಲ, ಕಿವಿ ಇಂಜಿನ್ನಿನ ಮ್ಯಾಲ.
"ಬೆಲ್ಟು ಸಡಿಲೈತಿ" ಅಂದ ಒಂದು ಸಲ, ಅಷ್ಟ.
ಪಟ್ಟಿ ಬಿಚ್ಚಿದ ಮೂರನೇ ದಿನ
ಕರೇ ಕನ್ನಡಕದಾಗ ಶೆಡ್ಡಿಗೆ ಬಂದು
ಹೆಂಡ್ತಿ ತಂದ ಚಾ ಬಿಟ್ಟು ನನ್ನ ಬಾನೆಟ್ ಎತ್ತಿದ.
"ಈ ಕ್ಲಿಪ್ಪು ಉಲ್ಟಾ ಹಾಕೀರಿ. ಎಂದಿನಿಂದ?"
ಮೂರು ವರ್ಷ ಆತು.
ಬಗ್ಗಿ ಪೈಪಿನ ತುದಿ ಒರೆಸಿ ನೋಡಿದ.
"ಸೋರಿಲ್ಲ. ಇರ್ಲಿ ಬಿಡ್ರಿ."

ಆಮ್ಯಾಲ ತಾನೇ ಒಂದು ಪ್ಲಗ್ಗು ಬಿಚ್ಚಿ
ಬಿಸಿಲಿಗೆ ಹಿಡಿದು ಬಹಳ ಹೊತ್ತು ನಿಂತ.
"ಸಿಸ್ಟರ್, ಇದು ಹಳೇ ಬೆಲ್ಲ ಅಲ್ರಿ.
ಹುಣಸಿಹಣ್ಣು."
ಜಗಳಾ ಆತು ನಮಗ, ಇನ್ನೂ ಮುಗಿದಿಲ್ಲ.

ಭಾನುವಾರ ನಿನ್ನ ಗಾಡಿ ತಣ್ಣಗಿದ್ದಾಗ
ಹದಿನಾರರ ಪಾನಾ ತಗೊಂಡು ಕೂಡು.
ಮೂರು ಪ್ಲಗ್ಗು, ಮೂರೂ ಸಾಲಾಗಿ ಹಾಳಿ ಮ್ಯಾಲ ಇಡು,
ಯಾವುದು ಯಾವ ಕುಣ್ಯಾಗಿತ್ತು ಗುರುತು ಮಾಡು.
ನಾ ಹೇಳಿದ್ದು ಬಿಡು, ಅವ ಹೇಳಿದ್ದೂ ಬಿಡು.
ನಿನಗ ಎಂಥಾ ಕಂದು ಕಾಣ್ತೈತಿ
ಅದನ್ನ ಫೋನ್ ಮಾಡಿ ಹೇಳು.